ಕಚ್ಚದ ಬೂಟು

ಗಿರಾಕಿಗಳಲ್ಲಿ ನಾನಾ ನಮೂನೆಯವರಿರುತ್ತಾರೆ. ಬೆಲೆ ಕೇಳಿದ ಕೂಡಲೇ ಬೂಟನ್ನು ಬಿಸಿ ಪಾತ್ರೆಯಂತೆ ಕೆಳಗಿಡುವವರು, ಕನ್ನಡಿಯ ಮುಂದೆ ಬೂಟು ನೋಡುವುದು ಬಿಟ್ಟು ತಮ್ಮ ಮುಖ ನೋಡಿಕೊಳ್ಳುವವರು, ಕಪಾಟಿನಲ್ಲಿದ್ದದ್ದನ್ನೆಲ್ಲ ಇಳಿಸಿ "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೋಗಿ ಮತ್ತೆ ಆ ಬೀದಿಗೇ ಕಾಲಿಡದವರು. ಇವರನ್ನೆಲ್ಲ ಬೂಟಿನಂಗಡಿಯವನು ನಗುನಗುತ್ತಲೇ ಸಹಿಸಿಕೊಂಡಿದ್ದ. ಆದರೆ ಇವರನ್ನೆಲ್ಲ ಒಟ್ಟಿಗೆ ಅರೆದು ಒಬ್ಬ ಮನುಷ್ಯನನ್ನು ಮಾಡಿ, ಅಂಥವನಿಗೇ ತನ್ನ ಅಕ್ಕನನ್ನು ಗಂಟುಹಾಕಿದ ವಿಧಿಯ ಮೇಲೆ ಮಾತ್ರ ಅವನಿಗೆ ಇವತ್ತಿಗೂ ಸಿಟ್ಟು.

ಭಾವ ಲೈನ್‌ಮ್ಯಾನ್. ಬೀದಿಯ ಕಂಬ ಹತ್ತುವ ಲೈನ್‌ಮ್ಯಾನ್ ಅಲ್ಲ. ಊರಿನಾಚೆ ಗುಡ್ಡದ ಮೇಲೆ ಸಾಲಾಗಿ ನಿಂತ ದೊಡ್ಡ ಕಬ್ಬಿಣದ ಟವರುಗಳ ಕೆಳಗೆ ನಡೆಯುವವರು. ಒಂದು ಟವರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ತಂತಿಗೆ ಯಾವುದಾದರೂ ಮರ ತಾಗುತ್ತಿದೆಯೇ, ತಂತಿಯನ್ನು ಹಿಡಿದಿರುವ ಪಿಂಗಾಣಿ ಬಟ್ಟಲು ಒಡೆದಿದೆಯೇ, ಟವರಿನ ಬುಡದ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡುತ್ತ ಹೋಗಬೇಕು. ದಾರಿ ಎಂಬುದೊಂದಿಲ್ಲ. ತಂತಿ ಎಲ್ಲಿ ಹೋಗುತ್ತದೋ ಅದೇ ದಾರಿ. ತಂತಿಗೇನು, ಹಳ್ಳ ಬಂದರೂ ಮುಳ್ಳುಪೊದೆ ಬಂದರೂ ಮೇಲೆಯೇ ಹಾರಿಹೋಗುತ್ತದೆ. ಕೆಳಗೆ ಇಳಿದು ಹತ್ತಬೇಕಾದವರು ಭಾವ. ಕೆಲಸ ಕಣ್ಣಿನದಾದರೂ ಹೊರೆಯೆಲ್ಲ ಕಾಲಿನ ಮೇಲೆ. ಆದ್ದರಿಂದ ಬೂಟಿನ ವಿಷಯದಲ್ಲಿ ಅವರು ಪಿಟಿಪಿಟಿ ಮಾಡುವುದರಲ್ಲಿ ನ್ಯಾಯವಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಬೂಟಿನಂಗಡಿಯವನ ತಲೆ ಕೆಡುತ್ತಿದ್ದುದೇ ಅದಕ್ಕೆ. ನ್ಯಾಯವಿಲ್ಲದವರ ಬಾಯಿ ಮುಚ್ಚಿಸಬಹುದು, ನ್ಯಾಯ ಇಟ್ಟುಕೊಂಡು ಪ್ರಾಣ ಹಿಂಡುವವರನ್ನು ಏನು ಮಾಡುವುದು?

ಭಾವ ಬೂಟು ಕೊಳ್ಳಲು ಬರುವುದು ಸಂಜೆ, ಅದೂ ಇಡೀ ದಿನ ಲೈನು ನಡೆದ ಮೇಲೆ. ಬೆಳಗ್ಗೆಯ ಕಾಲಿಗೂ ಸಂಜೆಯ ಕಾಲಿಗೂ ಅಜಗಜಾಂತರವೆಂದು ಅವರ ವಾದ; ನಡೆದು ಊದಿದ ಕಾಲಿಗೆ ಸರಿಹೋದದ್ದೇ ಸರಿ. ಬರುವಾಗ ತಮ್ಮದೇ ದಪ್ಪ ಕಾಲುಚೀಲ ತರುತ್ತಾರೆ. ಬೂಟು ಕೈಗೆ ಬಂದ ತಕ್ಷಣ ಹಾಕಿಕೊಳ್ಳುವವರಲ್ಲ. ಮೊದಲು ಬಾಗಿಸಿ ನೋಡುತ್ತಾರೆ. ಬೆರಳು ಮಡಿಯುವ ಜಾಗದಲ್ಲಿ ಬಾಗದೆ ನಟ್ಟನಡುವೆ ಬಾಗಿತೋ, ಆ ಬೂಟಿನ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಅಟ್ಟೆಯ ಅಂಚಿಗೆ ಉಗುರು ಹಾಕಿ, ಹೊಲಿದಿದ್ದಾರೋ ಬರೀ ಅಂಟು ಬಳಿದಿದ್ದಾರೋ ಎಂದು ಕೆರೆಯುತ್ತಾರೆ. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಮೆತ್ತಗಿದ್ದರೆ ಬೇಡ. ಲೇಸಿನ ಕೆಳಗಿನ ನಾಲಿಗೆಯನ್ನು ಹೊರಗೆಳೆದು ನೋಡುತ್ತಾರೆ, ಅದನ್ನು ಎರಡೂ ಬದಿಗೆ ಸೇರಿಸಿ ಹೊಲಿದಿಲ್ಲವಾದರೆ ಅದೂ ಬೇಡ. ಆ ಸಂದಿನಲ್ಲೇ ಮಣ್ಣು ಮುಳ್ಳೆಲ್ಲ ಒಳಗೆ ಬರುತ್ತದಂತೆ. ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ.

"ಭಾವ, ಅದು ಬೂಟು. ತಿನ್ನೋದಲ್ಲ," ಎಂದು ಅವನು ಹಲ್ಲು ಕಡಿಯುತ್ತಾನೆ.

"ತಿನ್ನೋ ವಸ್ತು ಕೆಟ್ಟರೆ ಒಂದಿನ ಹೊಟ್ಟೆನೋವು. ಇದು ಕೆಟ್ಟರೆ ವರ್ಷವಿಡೀ ಅನುಭವಿಸಬೇಕು. ನೀನು ನಿನ್ನ ಕೆಲಸ ನೋಡು, ಇನ್ನೊಂದು ಜೊತೆ ತೆಗಿ."

ಇಷ್ಟೆಲ್ಲ ಆದಮೇಲೆ ಹಾಕಿಕೊಂಡು ನಡೆಯುವ ಪ್ರಕರಣ ಶುರುವಾಗುತ್ತದೆ. ಸಮನೆಲದ ಮೇಲೆ ನಡೆದರೆ ಅವರಿಗೆ ಸಾಲದು. ಗುಡ್ಡ ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ಗುದ್ದುತ್ತದೆಯೋ ಇಲ್ಲವೋ ಗೊತ್ತಾಗಬೇಕಲ್ಲ. ಅದಕ್ಕಾಗಿ ಅಂಗಡಿಯ ಮೂಲೆಯಲ್ಲಿ ಇಳಿಜಾರಾಗಿ ಒಂದು ಹಲಗೆಯನ್ನೇ ಅವನ ಕೈಲಿ ಹೊಡೆಸಿಹಾಕಿದ್ದರು. ಅದರ ಮೇಲೆ ಹತ್ತುವುದು, ಇಳಿಯುವುದು, ನಿಂತು ಯೋಚಿಸುವುದು, ಮತ್ತೆ ಹತ್ತುವುದು. ಬೇರೆ ಗಿರಾಕಿಗಳು ಬೆಂಚಿನ ಮೇಲೆ ಕುಳಿತು ನಾಟಕ ನೋಡಿದ ಹಾಗೆ ನೋಡುತ್ತಿದ್ದರು. ಎಡಗಡೆ ಕಿರುಬೆರಳಿಗೆ ಒತ್ತುತ್ತದೆ, ಬಲಗಡೆ ಹಿಮ್ಮಡಿ ಒಳಗೆ ಆಡುತ್ತದೆ, ಕಾಲುಗಂಟಿನ ಮೂಳೆಗೆ ಅಂಚು ತಾಗುತ್ತದೆ. ಒಂದು ಜೊತೆ ಆರಿಸಲು ಮೂರು ಸಲವಾದರೂ ಬರುತ್ತಿದ್ದರು. ಕೊಂಡುಹೋದ ಮೇಲೂ ಮುಗಿಯುತ್ತಿರಲಿಲ್ಲ. ಪಳಗಿಸಬೇಕೆಂದು ಮನೆಯೊಳಗೆಲ್ಲ ಧಡಧಡ ಓಡಾಡಿ, ಅಡಿಗೆಮನೆಗೂ ಬೂಟುಗಾಲಲ್ಲೇ ನುಗ್ಗಿ, ಅಕ್ಕನ ಕೈಲಿ ಸೌಟಿನ ಪೆಟ್ಟು ತಿನ್ನುವುದೊಂದೇ ಬಾಕಿಯಿತ್ತು.

"ನಿಮಗೆ ಬೂಟು ಮಾರೋದಕ್ಕಿಂತ ನಾನು ಅಂಗಡಿ ಮುಚ್ಚಿ ನಿಮ್ಮ ಟವರ್ ಹತ್ತಿ ಕೂರೋದು ವಾಸಿ," ಎಂದು ಅವನು ಕೈಮುಗಿದದ್ದು ಒಂದೆರಡು ಸಲವಲ್ಲ.

"ಹತ್ತುವಾಗ ಒಳ್ಳೆ ಬೂಟು ಹಾಕ್ಕೊ," ಎನ್ನುತ್ತಿದ್ದರು ಭಾವ.

ಇಂಥ ಮನುಷ್ಯನ ಕಾಲಿಗೆ ಹೋದ ಬೇಸಿಗೆಯಲ್ಲಿ ಗಾಯವಾಯಿತು. ಬಲಗಾಲಿನ ಎರಡನೇ ಬೆರಳಿನ ಕೆಳಗೆ ಒಂದು ಸಣ್ಣ ಗಾಯ. ಅದು ಕೀವಾಗಿ, ಪಾದ ಬಾತು, ಭಾವ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಸಕ್ಕರೆ ಕಾಯಿಲೆಯ ಮೈ. ಅವರು ಗುಳಿಗೆ ನುಂಗಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಬೂಟಿನಂಗಡಿಯವನಿಗೆ ಅರ್ಥವಾಗದೆ ಉಳಿದದ್ದು ಒಂದೇ. ಆ ಬೂಟು ಹೊಸದೇನಲ್ಲ, ಎರಡು ವರ್ಷ ಕಾಲಲ್ಲಿ ಪಳಗಿದ್ದು. ಒಳಗೆ ಮಗುವಿನ ಹಾಸಿಗೆಯಷ್ಟು ಮೆತ್ತಗಿದ್ದದ್ದು. ಅದು ಇದ್ದಕ್ಕಿದ್ದ ಹಾಗೆ ಯಾಕೆ ಕಚ್ಚಿತು?

ಅಕ್ಕನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಗಾಯ ಮಾಯ್ದ ಮೇಲೆ ಒಂದು ಶುಕ್ರವಾರ ಫೋನು ಮಾಡಿದವಳು, ಹೇಗಿದ್ದೀಯ ಎಂದೂ ಕೇಳದೆ ನೇರವಾಗಿ ವಿಷಯಕ್ಕೆ ಬಂದಳು.

"ನೋಡು, ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಆ ಬೆರಳಿಗೆ ಇನ್ನೊಂದು ಗಾಯ ಆದ್ರೆ ಬೆರಳು ಉಳಿಯಲ್ಲ. ಬೆರಳಿಗೇ ನಿಲ್ಲುತ್ತೆ ಅಂತಾನೂ ಹೇಳಕ್ಕಾಗಲ್ಲ ಅಂದ್ರು. ಇವರು ಸೋಮವಾರದಿಂದ ಮತ್ತೆ ಲೈನಿಗೆ ಹೊರಟು ನಿಂತಿದ್ದಾರೆ. ನಾನು ಬೇಡ ಅಂದ್ರೆ ಕೇಳೋ ಪೈಕಿನಾ? ನಾಳೆ ನಿನ್ನ ಹತ್ರ ಬರ್ತಾರೆ. ಕಚ್ಚದ ಬೂಟು ಕೊಡು."

"ಅಕ್ಕಾ, ಹೋದ ಸಲದ್ದೂ ಕಚ್ಚೋ ಬೂಟಲ್ಲ."

"ಹಾಗಾದ್ರೆ ಬೆರಳನ್ನ ಇಲಿ ತಿಂತಾ?" ಎಂದು ಅಕ್ಕ ಫೋನಿಟ್ಟಳು.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಭಾವನ ಕಾಟ ಸಹಿಸಿದ್ದಕ್ಕೆ ಸಿಕ್ಕ ಬಹುಮಾನ ಇದು. ಆದರೂ ಸುಮ್ಮನೆ ಕೂರಲಿಲ್ಲ. ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಮುಂಭಾಗ ಅಗಲವಿರುವ, ಅಟ್ಟೆ ಹೊಲಿದ, ಒಳಗೆ ಮೆತ್ತೆ ಇರುವ ಬೂಟುಗಳನ್ನೆಲ್ಲ ಒಂದು ಕಡೆ ಪೇರಿಸಿಟ್ಟ. ನಾಳೆ ಸಂಜೆ ಭಾವ ಬಂದು ಒಂದೊಂದನ್ನೂ ಮೂಸಿ, ಬಾಗಿಸಿ, ಗೊಣಗಿ ಗೊಣಗಿ ತನ್ನ ರಕ್ತ ಕುಡಿಯಲಿ. ಕುಡಿದರೂ ಪರವಾಗಿಲ್ಲ, ಬೆರಳೊಂದು ಉಳಿಯಲಿ ಎಂದುಕೊಂಡ.

ಭಾವ ಬಂದದ್ದು ಸಂಜೆಯಲ್ಲ, ಬೆಳಗ್ಗೆ. ಅವನಿನ್ನೂ ನೆಲ ಗುಡಿಸುತ್ತಿದ್ದ. ಕೈಯಲ್ಲಿ ಅವರ ದಪ್ಪ ಕಾಲುಚೀಲವೂ ಇರಲಿಲ್ಲ. ಮನೆಯಲ್ಲಿ ಹಾಕುವ ತೆಳು ಕಪ್ಪು ಕಾಲುಚೀಲದಲ್ಲೇ ಬಂದಿದ್ದರು. ಬೆಂಚಿನ ಮೇಲೆ ಕುಳಿತು, "ಬೇಗ ಒಂದು ಜೊತೆ ಕೊಡು, ಹೋಗಬೇಕು," ಎಂದರು.

"ಬೇಗ? ಯಾರು, ನೀವಾ?"

"ಏನು, ನನಗೆ ಬೇರೆ ಕೆಲಸ ಇರಬಾರದಾ? ಕೊಡು ಕೊಡು."

ಅವನು ಮೊದಲ ಪೆಟ್ಟಿಗೆ ತೆರೆದ. ಹೊಸ ಬೂಟಿನ ಮುಂಭಾಗ ಕುಗ್ಗದಿರಲೆಂದು ಕಾರ್ಖಾನೆಯವರು ಗಟ್ಟಿ ಕಾಗದದ ಉಂಡೆ ತುರುಕಿರುತ್ತಾರೆ. ಎಡದ ಬೂಟಿನ ಉಂಡೆ ಕಿತ್ತು ಪೆಟ್ಟಿಗೆಯ ಮುಚ್ಚಳಕ್ಕೆ ಹಾಕುತ್ತ, "ಇದರ ನಾಲಿಗೆ ನೋಡಿ, ಎರಡೂ ಕಡೆ ಹೊಲಿದಿದೆ. ಅಟ್ಟೆ ನೋಡಿ," ಎಂದು ಹೇಳುತ್ತಲೇ ಇದ್ದ, ಭಾವ ಬಲದ ಬೂಟನ್ನು ಅವನ ತೊಡೆಯ ಮೇಲಿನಿಂದ ಎಳೆದುಕೊಂಡು ಕಾಲಿಗೆ ತುರುಕಿಯೇಬಿಟ್ಟರು. ಎಡದ್ದನ್ನೂ ಹಾಕಿ ಲೇಸು ಬಿಗಿದರು. ಎದ್ದು ನಿಂತರು.

"ಚೆನ್ನಾಗಿದೆ. ಇದೇ ಇರಲಿ."

"ಭಾವ, ಅದು ಮೊದಲನೇ ಜೊತೆ."

"ಮೊದಲನೇದು ಚೆನ್ನಾಗಿರಬಾರದು ಅಂತ ಕಾನೂನಿದೆಯಾ?"

ಅವನಿಗೆ ನಿಜವಾಗಿಯೂ ಕೋಪ ಬಂತು. ಅಕ್ಕ ಬೈದದ್ದು ಸಾಲದೆಂದು ಈಗ ಭಾವನೂ ಮುಖ ಗಂಟುಹಾಕಿಕೊಂಡು ಬಂದಿದ್ದಾರೆ, ಬೂಟಿನ ತಪ್ಪೆಂದು ಮನಸ್ಸಿನಲ್ಲಿಟ್ಟುಕೊಂಡು ಮಾತು ಬೆಳೆಸದೆ ಹೊರಟಿದ್ದಾರೆ ಎಂದೆನಿಸಿತು. ಗೊಣಗಿದರೆ ಸಹಿಸಬಹುದು, ಗೊಣಗದೆ ಅವಮಾನ ಮಾಡಿದರೆ ಹೇಗೆ?

"ಹಲಗೆ ಮೇಲೆ ನಡೀರಿ. ನಡೆದು ತೋರಿಸದೆ ನಾನು ಕೊಡಲ್ಲ."

"ಒಳ್ಳೆ ಗ್ರಹಚಾರ," ಎನ್ನುತ್ತ ಭಾವ ಹಲಗೆ ಹತ್ತಿದರು. ಇಳಿದರು. ಅವನು ಮತ್ತೆ ಹತ್ತಿ ಎಂದ. ಹತ್ತಿದರು. ಅವನು ಬೇಕೆಂತಲೇ ಇನ್ನೂ ಕೆಲವು ಸಲ ಹತ್ತಿಸಿ ಇಳಿಸಿದ. ಎಲ್ಲಾದರೂ ಒಂದು ಕಡೆ ಮುಖ ಸಿಂಡರಿಸಲಿ, ಒಂದು ತಪ್ಪು ಹೇಳಲಿ ಎಂದು ಕಾದ. ಭಾವ ಪೇಟೆಗೆ ಹೊರಟವರ ಹಾಗೆ ಸರಾಗವಾಗಿ ನಡೆದರು.

"ಬೆರಳಿಗೆ ಒತ್ತುತ್ತಾ?"

"ಇಲ್ಲ."

"ಹಿಮ್ಮಡಿ ಆಡುತ್ತಾ?"

"ಇಲ್ಲಪ್ಪ ಇಲ್ಲ. ಬೆಣ್ಣೆ ಇದ್ದ ಹಾಗಿದೆ. ಇಷ್ಟು ವರ್ಷದಲ್ಲಿ ನೀನು ಕೊಟ್ಟ ಬೂಟುಗಳಲ್ಲೆಲ್ಲ ಇದೇ ಉತ್ತಮ. ಸಾಕಾ? ಕಟ್ಟಿಕೊಡು."

ಆ ಮಾತಿಗೆ ಅವನು ಅರೆಮನಸ್ಸಿನಿಂದ ಸೋತ. ಹೋಗಲಿ, ವಯಸ್ಸಾಯಿತು, ಹಟ ಕಡಿಮೆಯಾಗಿರಬೇಕು ಎಂದುಕೊಂಡು ಪೆಟ್ಟಿಗೆ ಎತ್ತಿಕೊಂಡ. ಮುಚ್ಚಳದಲ್ಲಿದ್ದ ಕಾಗದದ ಉಂಡೆಯನ್ನು ಬುಟ್ಟಿಗೆಸೆದ. ಇನ್ನೊಂದಕ್ಕೆ ಕೈಹಾಕಿದ. ಇರಲಿಲ್ಲ. ಬೆಂಚಿನ ಕೆಳಗೆ ಬಗ್ಗಿ ನೋಡಿದ. ಈಗಷ್ಟೇ ಗುಡಿಸಿದ ನೆಲ, ಅಲ್ಲೂ ಇರಲಿಲ್ಲ. ಬಗ್ಗಿದವನು ಹಾಗೆಯೇ ತಲೆ ಎತ್ತಿ ಭಾವನ ಬಲಗಾಲು ನೋಡಿದ. ಭಾವ ಆ ಕಾಲಿನ ಮೇಲೇ ಪೂರ್ತಿ ಭಾರ ಹಾಕಿ ನಿಂತು ಬೀದಿ ನೋಡುತ್ತಿದ್ದರು.

"ಭಾವ, ಕೂತ್ಕೊಳ್ಳಿ."

"ಇನ್ನೇನೋ ನಿಂದು?"

"ಕೂತ್ಕೊಳ್ಳಿ ಅಂದೆ."

ಅವನ ದನಿ ಕೇಳಿ ಭಾವ ಕುಳಿತರು. ಅವನು ಲೇಸು ಬಿಚ್ಚಿ ಬೂಟು ಎಳೆದು, ಒಳಗೆ ಕೈಹಾಕಿದ. ಉಂಡೆ ಅಲ್ಲೇ ಇತ್ತು. ಅದೀಗ ಉಂಡೆಯಾಗಿ ಉಳಿದಿರಲಿಲ್ಲ; ಬೆರಳುಗಳ ಅಚ್ಚೊತ್ತಿಕೊಂಡು, ಅಂಚು ಮೂಡಿ, ಚಪ್ಪಟೆಯಾಗಿ ಕಲ್ಲಿನಂತಾಗಿತ್ತು. ಅದನ್ನು ತೆಗೆದು ಭಾವನ ಮುಂದೆ ಹಿಡಿದ. ಚಿಕ್ಕ ಮಗುವಾದರೂ ಇದನ್ನು ಕಾಲಡಿ ಇಟ್ಟುಕೊಂಡು ಎರಡು ಹೆಜ್ಜೆ ಇಡಲಾರದು. ಹುಲ್ಲುಕಡ್ಡಿ ಚುಚ್ಚಿದರೂ ಕೂಗಾಡುತ್ತಿದ್ದ ಈ ಮನುಷ್ಯ ಇದರ ಮೇಲೆ ಗುಡ್ಡ ಹತ್ತಿಳಿದ ಹಾಗೆ ನಡೆದು ಬೆಣ್ಣೆ ಎಂದಿದ್ದರು.

ಭಾವ ಅದನ್ನು ನೋಡಿದರು. ನಗಲು ಪ್ರಯತ್ನಿಸಿದರು. "ಅಂಗಡಿಯವನಾಗಿ ನಿನಗೆ ಇದನ್ನ ತೆಗೀಬೇಕು ಅಂತ ಗೊತ್ತಾಗಲ್ವಾ?"

"ಯಾವಾಗಿಂದ ಭಾವ?"

"ಏನು ಯಾವಾಗಿಂದ?"

ಅವನು ಉಂಡೆಯನ್ನು ಅವರ ಮುಖದ ಹತ್ತಿರ ಇನ್ನಷ್ಟು ತಂದ. ಭಾವ ಬೂಟಿನ ಲೇಸನ್ನು ಬೆರಳಿಗೆ ಸುತ್ತಿಕೊಂಡರು.

"ಒಂದು ವರ್ಷದ ಮೇಲಾಯ್ತು. ಮೊದಮೊದಲು ಹತ್ತಿ ಮೇಲೆ ನಡೆದ ಹಾಗಾಗ್ತಿತ್ತು. ನಾನು, ಬೂಟೇ ಪಳಗಿತು ಅಂದ್ಕೊಂಡೆ ಕಣೋ. ಇಷ್ಟು ವರ್ಷಕ್ಕೆ ಒಂದು ಬೂಟು ಕಚ್ಚದೆ ಬಿಟ್ಟಿದೆ, ನಿನ್ನನ್ನ ಹೊಗಳಬೇಕು ಅಂತಾನೂ ಇದ್ದೆ."

"ಹೊಗಳಲಿಲ್ಲ."

"ಅಭ್ಯಾಸ ಇಲ್ಲವಲ್ಲ."

"ಆ ಗಾಯ?"

"ಬಟಾಣಿಯಷ್ಟು ಕಲ್ಲು. ಬೆಳಗ್ಗೆ ಬೂಟು ಹಾಕುವಾಗಲೇ ಒಳಗಿತ್ತೋ ಏನೋ. ಸಂಜೆ ಬಿಚ್ಚಿ ಕೊಡವಿದಾಗ ಬಿತ್ತು. ಇಡೀ ದಿನ ಅದನ್ನ ತುಳಿದಿದ್ದೀನಿ."

"ಡಾಕ್ಟರಿಗೆ ಹೇಳಿದ್ರಾ? ಅಕ್ಕನಿಗೆ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಸ್ಟೋರಿಗೆ ಹಾಕ್ತಾರೆ. ಕಿಟಕಿ ಇಲ್ಲದ ಕೋಣೆ. ನಟ್ಟು ಬೋಲ್ಟು ಕೊಡ್ತಾ, ತಗೊಳ್ತಾ ಕೂರಬೇಕು. ಗಾಳಿ ಇಲ್ಲ ಬೆಳಕಿಲ್ಲ. ನನಗೆ ಆಗಲ್ಲ ಕಣೋ. ನಾನು ನಡೆಯೋದು ಬಿಟ್ಟು ಬೇರೇನೂ ಕಲಿತವನಲ್ಲ."

ಇದನ್ನು ಕೇಳಿ ಅವನಿಗೆ ಕರುಣೆ ಬರಬೇಕಿತ್ತು. ಬಂದದ್ದು ಮಾತ್ರ ಸಿಟ್ಟು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬಂತು.

"ನಿಮಗೆ ಬುದ್ಧಿ ಇದೆಯಾ ಭಾವ? ಲೇಸು ಅರ್ಧ ಗೇಣು ಗಿಡ್ಡ ಆದ್ರೆ ನನ್ನ ಜನ್ಮ ಜಾಲಾಡಿದೋರು ನೀವು. ಹೊಲಿಗೆ ಸೊಟ್ಟ ಅಂತ ಗಿರಾಕಿಗಳ ಮುಂದೆ ಮಾನ ಕಳೆದೋರು. ಹೇಳಬಾರದ್ದನ್ನೆಲ್ಲ ಬಾಯಿತುಂಬ ಹೇಳಿ, ಹೇಳಲೇಬೇಕಾದ ಒಂದೇ ಒಂದು ಮಾತನ್ನ ನುಂಗಿಕೊಂಡು ಕೂತಿದ್ದೀರಲ್ಲ. ಅಕ್ಕ ಬೂಟು ಕಚ್ಚಿತು ಅಂತ ನನ್ನನ್ನ ಬೈಯ್ತಿದ್ದಾಳೆ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ರಿ ಅಲ್ವಾ?"

"ಕೇಳಿಸ್ಕೊಳ್ತಿದ್ದೆ," ಎಂದರು ಭಾವ.

"ನಾನು ಬೂಟು ಕೊಡಲ್ಲ. ಎದ್ದು ಹೋಗಿ."

"ಮುಂದಿನ ಬೀದೀಲಿ ಇನ್ನೊಂದು ಅಂಗಡಿ ಇದೆ. ಅಲ್ಲಿ ಹೋಗಿ ಚೆನ್ನಾಗಿದೆ ಅಂತೀನಿ, ಕೊಡ್ತಾರೆ. ಅವರಿಗೇನು ಗೊತ್ತು?" ಭಾವ ಬೆದರಿಸುವ ದನಿಯಲ್ಲಿ ಹೇಳಲಿಲ್ಲ, ಇದ್ದ ವಿಷಯ ಹೇಳಿದಂತೆ ಹೇಳಿದರು. "ನಿನ್ನ ಹತ್ರ ಬಂದದ್ದು ಯಾಕೆ ಅಂದ್ಕೊಂಡೆ? ನಾನು ಏನೂ ಹೇಳದಿದ್ರೂ ನೀನು ಕೆಟ್ಟ ಬೂಟು ಕೊಡಲ್ಲ ಅಂತ."

ಅವನು ಇಕ್ಕಟ್ಟಿಗೆ ಸಿಕ್ಕಿಬಿದ್ದ. ಕೊಟ್ಟರೆ ಭಾವನ ಕಾಲು ಹೋದೀತು. ಕೊಡದಿದ್ದರೆ ಇನ್ಯಾರದೋ ಬೂಟಿನಲ್ಲಿ ಇನ್ನೂ ಬೇಗ ಹೋದೀತು. ಇಷ್ಟು ಹಟಮಾರಿಯನ್ನು ಯಾವ ಮಣ್ಣಿನಲ್ಲಿ ಮಾಡಿದರೋ ಎಂದು ಮನಸ್ಸಿನಲ್ಲೇ ಶಪಿಸಿಕೊಂಡು ಹಿಂದಿನ ಕೋಣೆಗೆ ಹೋಗಿ, ಹಳೆಯ ಪೆಟ್ಟಿಗೆಯೊಂದರ ರಟ್ಟು ಹರಿದು ತಂದ. ಕಾಲು ಬಾಯಿಬಿಡದಿದ್ದರೆ ರಟ್ಟಾದರೂ ಹೇಳುತ್ತದೆ. ರಟ್ಟಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುವುದು, ಕತ್ತರಿಸಿ ಬೂಟಿನೊಳಗೆ ಇಳಿಸುವುದು. ಅಂಚು ಎಲ್ಲಾದರೂ ಮಡಿಯಿತೋ, ಆ ಬೂಟು ಆ ಜಾಗದಲ್ಲಿ ಕಚ್ಚುತ್ತದೆ ಎಂದರ್ಥ. ಇನ್ನು ಮೇಲೆ ಭಾವನನ್ನು ಏನೂ ಕೇಳುವುದೇ ಬೇಡ.

"ಕಾಲುಚೀಲ ಬಿಚ್ಚಿ ಇದರ ಮೇಲೆ ನಿಂತ್ಕೊಳ್ಳಿ. ಅಲುಗಾಡಬೇಡಿ. ಮಾತಾಡಬೇಡಿ."

"ಮಾತಾಡಿದ್ರೂ ಬೈತೀಯ, ಬಿಟ್ರೂ ಬೈತೀಯ," ಎಂದು ಭಾವ ಕಾಲುಚೀಲ ಕಿತ್ತು, ಬೆಂಚಿನ ಅಂಚು ಹಿಡಿದುಕೊಂಡು ನಿಂತರು.

ಅವನು ಮಂಡಿಯೂರಿ ಕುಳಿತು ಎಡಪಾದದ ಗೆರೆ ಎಳೆದ. ಬಲಪಾದದ್ದೂ ಎಳೆದ. ಹಿಮ್ಮಡಿ ಸುತ್ತಿ, ಒಳಬದಿಯಿಂದ ಹೆಬ್ಬೆರಳಿನವರೆಗೆ ನಿಧಾನವಾಗಿ ಪೆನ್ಸಿಲು ತಂದ. ಕೈಗೆ ತಾಗಿದ ಪಾದ ತಣ್ಣಗಿತ್ತು. "ಎತ್ತಿ," ಎಂದ. ಭಾವ ಬಲಗಾಲು ಎತ್ತಿದರು.

ಗೆರೆಯ ಒಳಗೆ, ಎರಡನೇ ಬೆರಳಿನ ಜಾಗದಲ್ಲಿ, ರಟ್ಟು ಕೆಂಪಗೆ ಒದ್ದೆಯಾಗಿತ್ತು.

ಅವನು ಪಾದ ಹಿಡಿದು ಬೆಳಕಿಗೆ ತಿರುಗಿಸಿದ. ಹಳೆಯ ಗಾಯದ ಮೇಲೆ ಬಂದಿದ್ದ ಹೊಸ ತೆಳು ಚರ್ಮ ಸುಲಿದು, ರಕ್ತ ಬೆರಳಿನ ಸಂದಿಗೆ ಇಳಿದಿತ್ತು. ಕಪ್ಪು ಕಾಲುಚೀಲದಲ್ಲಿ ಅದು ಕಾಣಿಸಿರಲಿಲ್ಲ. ಉಂಡೆ ತೆಗೆಯುವ ಮೊದಲೇ ಬೂಟು ಬಿಟ್ಟುಕೊಟ್ಟವನು ತಾನು. ಹಟಕ್ಕೆ ಬಿದ್ದು ಹಲಗೆಯ ಮೇಲೆ ಹತ್ತಿಸಿ ಇಳಿಸಿದವನೂ ತಾನೇ.

ಭಾವ ಬಗ್ಗಿ ರಟ್ಟನ್ನು ನೋಡಿದರು, ಬೇರೆ ಯಾರದೋ ಕಾಲಿನ ಗುರುತು ನೋಡಿದ ಹಾಗೆ.

"ನಂದಾ ಇದು?" ಎಂದು ಕೇಳಿದರು.

ಭಾವ ನಿಧಾನವಾಗಿ ಬೆಂಚಿನ ಮೇಲೆ ಕುಳಿತರು. ಬೀದಿಯಲ್ಲಿ ಯಾರೋ ಅಂಗಡಿ ತೆರೆದಿದೆಯಾ ಎಂದು ಇಣುಕಿ, ಒಳಗಿದ್ದ ಇಬ್ಬರನ್ನು ನೋಡಿ ಹಾಗೆಯೇ ಮುಂದೆ ಹೋದರು. ಭಾವ ಇನ್ನೊಮ್ಮೆ ರಟ್ಟು ನೋಡಿದರು, ಚಪ್ಪಟೆಯಾದ ಉಂಡೆ ನೋಡಿದರು. ಆಮೇಲೆ ಕೈ ಚಾಚಿದರು.

"ಫೋನು ಕೊಡು. ನಾನೇ ಹೇಳ್ತೀನಿ."

ಅವನು ಅಕ್ಕನ ನಂಬರು ಒತ್ತಿ ಕೊಟ್ಟು, ಗಲ್ಲಾದ ಕೆಳಗಿದ್ದ ಶುದ್ಧವಾದ ಬಟ್ಟೆ ಹುಡುಕಿ ತಂದ. ಭಾವ ಫೋನಿನಲ್ಲಿ ಮಾತಾಡುವುದು ಅವನಿಗೆ ಕೇಳಿಸುತ್ತಿತ್ತು. "ನಾನೇ ಕಣೇ. ಬೂಟಿನದೇನೂ ತಪ್ಪಿಲ್ಲ, ಹೋದ ಸಲವೂ ಇರಲಿಲ್ಲ. ನನ್ನ ಕಾಲಿಗೆ ಏನೂ ಗೊತ್ತಾಗ್ತಿಲ್ಲ. ಹೂಂ. ತುಂಬ ದಿನದಿಂದ. ಇವತ್ತು ಮತ್ತೆ ಗಾಯ ಆಗಿದೆ. ಇಲ್ಲ, ನೀನು ಇಲ್ಲಿಗೆ ಬರಬೇಡ, ನೇರವಾಗಿ ಡಾಕ್ಟರ ಹತ್ರ ಬಾ. ಇವನು ಕರ್ಕೊಂಡು ಬರ್ತಾನೆ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. "ಇಲ್ಲ, ಸೋಮವಾರ ಹೋಗಲ್ಲ. ಇನ್ನು ಹೋಗಲ್ಲ," ಎಂದು ಫೋನು ಬೆಂಚಿನ ಮೇಲಿಟ್ಟರು.

ಅವನು ನೆಲದ ಮೇಲೆ ಕುಳಿತು ಆ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಬಟ್ಟೆ ಸುತ್ತಲು ಹೋದರೆ ಗಂಟು ಜಾರುತ್ತಿತ್ತು. ಎಲ್ಲಿ ಬಿಗಿಯಾಯಿತೋ, ಎಲ್ಲಿ ಸಡಿಲವಾಯಿತೋ ತಿಳಿಯದೆ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಅವನ ಕಣ್ಣಲ್ಲಿ ನೀರು ತುಂಬಿ ಬೆರಳು ಎರಡೆರಡಾಗಿ ಕಾಣತೊಡಗಿತು. ಭಾವ ಬಗ್ಗಿ ಅವನ ಭುಜದ ಮೇಲೆ ಕೈಯಿಟ್ಟರು.

"ನೋವೇ ಇಲ್ಲವಲ್ಲೋ, ನೀನ್ಯಾಕೆ ಅಳ್ತೀಯ?"

"ಅದಕ್ಕೇ ಭಾವ," ಎಂದ ಅವನು.